ಕೊನೆ ಒಂದೇ ಆದರೆ ಆಯ್ಕೆ ಸುಳ್ಳೇ?



"ಕತೆ ಹೇಳುವ ವಿಡಿಯೋ ಗೇಮುಗಳಲ್ಲಿ ಆಟಗಾರನ ಆಯ್ಕೆಗೆ ಕಿಲುಬು ಕಾಸಿನ ಬೆಲೆಯೂ ಇಲ್ಲ. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ತಲುಪುವುದು ಒಂದೇ ಜಾಗ. ಆದ್ದರಿಂದ ಅದೆಲ್ಲ ಕಣ್ಕಟ್ಟು." ಈ ವಾದವನ್ನು ಕಳೆದ ಒಂದೆರಡು ವರ್ಷಗಳಿಂದ ನನ್ನ ಹಳೆಯ ವಿದ್ಯಾರ್ಥಿಗಳ ಬಾಯಿಂದಲೂ ನಮ್ಮ ಮನೆಯ ಹುಡುಗರ ಬಾಯಿಂದಲೂ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಹೇಳುವವರೆಲ್ಲ ಬುದ್ಧಿವಂತರು, ಹೇಳುವ ಧಾಟಿಯೂ ಗಣಿತದ ಪ್ರಮೇಯವನ್ನು ಸಾಧಿಸಿ ಮುಗಿಸಿದವರಂತೆ ಖಚಿತವಾದದ್ದು. ಆದರೆ ಈ ವಾದ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಟದ ಪರದೆಯಿಂದಾಚೆಗೆ, ಬಾಳಿನೊಳಕ್ಕೆ ಇದೇ ವಾದ ಕಾಲಿಟ್ಟರೆ ಅದು ಅಪಾಯಕರವೂ ಹೌದು. ಆದ್ದರಿಂದಲೇ ಇಂದು ಇದನ್ನು ಬರೆಯಲು ಕುಳಿತಿದ್ದೇನೆ.

"ಮೇಷ್ಟರಿಗೇಕೆ ಈ ಉಸಾಬರಿ?" ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಧಾರಾಳವಾಗಿ ನಗಿ. ಬೆಂಗಳೂರಿನ ಮಗಳ ಮನೆಯಲ್ಲಿ ಎರಡು ಬೇಸಗೆಗಳನ್ನು ಕಳೆದಾಗ ಮೊಮ್ಮಗನ ಪಕ್ಕದಲ್ಲಿ ಕುಳಿತು ಇಂಥ ಹಲವು ಆಟಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ. ಒಂದನ್ನು ನಾನೇ ಆಡಿಯೂ ಇದ್ದೇನೆ. ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನಗಳನ್ನು ಕಲಿಸಿದವನಿಗೆ, ಕತೆ ಯಾವ ವೇಷದಲ್ಲಿ ಬಂದರೂ ಗುರುತು ಹತ್ತುತ್ತದೆ.

ಈ ಲೋಕದ ಪರಿಚಯವಿಲ್ಲದ ಹಿರಿಯ ಬಂಧುಗಳಿಗಾಗಿ ಎರಡು ಮಾತು. ಇವು ಕೇವಲ ಗುಂಡು ಹಾರಿಸುವ, ಕಾರು ಓಡಿಸುವ ಆಟಗಳಲ್ಲ. ಕಾದಂಬರಿಯಂತೆ ಇಲ್ಲಿ ಪಾತ್ರಗಳಿವೆ, ಪ್ರಸಂಗಗಳಿವೆ, ಸಂಭಾಷಣೆಯಿದೆ. ನಾಯಕನ ಪಾತ್ರವನ್ನು ಆಟಗಾರನೇ ವಹಿಸುತ್ತಾನೆ. ಕತೆಯ ಕೆಲವು ತಿರುವುಗಳಲ್ಲಿ ಆಟ ನಿಂತು ಕೇಳುತ್ತದೆ: ಇವನನ್ನು ಉಳಿಸುವೆಯೋ, ಅವಳನ್ನು ಉಳಿಸುವೆಯೋ? ಸತ್ಯ ಹೇಳುವೆಯೋ, ಮುಚ್ಚಿಡುವೆಯೋ? ಅದಕ್ಕೆ ಆಟಗಾರ ಕೊಡುವ ಉತ್ತರವೇ ಇಲ್ಲಿ ಚರ್ಚೆಗೆ ಬಂದಿರುವ 'ಆಯ್ಕೆ'.

ಮೊದಲು ಎದುರು ಪಕ್ಷದ ಅತ್ಯಂತ ಬಲವಾದ ಸಾಕ್ಷ್ಯವನ್ನೇ ತೆಗೆದುಕೊಳ್ಳೋಣ. ಪ್ರತಿವಾದಿಯ ದುರ್ಬಲ ಮಾತನ್ನು ಹಿಡಿದು ಜಗ್ಗುವುದು ಚರ್ಚಾಸ್ಪರ್ಧೆಯ ಚಾಳಿ; ಅದು ನಮಗೆ ಬೇಡ.

ಕೆನಡಾ ದೇಶದ ಎಡ್ಮಂಟನ್ ನಗರದ ಬಯೋವೇರ್ ಎಂಬ ಸಂಸ್ಥೆ 'ಮಾಸ್ ಎಫೆಕ್ಟ್' ಎಂಬ ಅಂತರಿಕ್ಷದ ಕಥಾನಕವನ್ನು 2007, 2010 ಮತ್ತು 2012ರಲ್ಲಿ ಮೂರು ಭಾಗಗಳಾಗಿ ಹೊರತಂದಿತು. ಶೆಪರ್ಡ್ ಎಂಬ ಸೇನಾಧಿಕಾರಿ ಇಲ್ಲಿನ ಮುಖ್ಯ ಪಾತ್ರ. ಇದರ ವಿಶೇಷವೆಂದರೆ, ಮೊದಲ ಭಾಗದಲ್ಲಿ ಆಟಗಾರ ಮಾಡಿದ ನಿರ್ಧಾರಗಳು ಎರಡನೆಯದಕ್ಕೂ ಮೂರನೆಯದಕ್ಕೂ ಹಿಂಬಾಲಿಸಿ ಬರುತ್ತಿದ್ದವು. ಮೊದಲ ಭಾಗದಲ್ಲಿ ಇಬ್ಬರು ಸಂಗಾತಿಗಳಲ್ಲಿ ಒಬ್ಬರನ್ನು ಮಾತ್ರ ಉಳಿಸಲು ಸಾಧ್ಯ. ಅಲ್ಲಿ ಸತ್ತವರು ಮುಂದೆಂದೂ ಬರುವುದಿಲ್ಲ. ಐದು ವರ್ಷಗಳ ಕಾಲ ಲಕ್ಷಾಂತರ ಜನ ತಮ್ಮ ತಮ್ಮ ಶೆಪರ್ಡ್‌ನನ್ನು ಹೀಗೆ ಬೆಳೆಸಿಕೊಂಡು ಬಂದರು. ನಿರ್ಮಾಪಕರೂ ಈ ಆಯ್ಕೆಗಳಿಗೆ ಕೊನೆಯಲ್ಲಿ ತಕ್ಕ ಫಲ ಸಿಗುವುದೆಂಬ ನಿರೀಕ್ಷೆಯನ್ನು ಬೆಳೆಸುತ್ತಲೇ ಬಂದರು.

2012ರ ಮಾರ್ಚಿನಲ್ಲಿ ಕೊನೆ ಬಂದಿತು. ಶೆಪರ್ಡ್ ಎದುರಿಗೆ ಮಗುವಿನ ರೂಪದ ಒಂದು ಕೃತಕ ಬುದ್ಧಿ ಕಾಣಿಸಿಕೊಂಡು ಮೂರು ದಾರಿಗಳನ್ನು ತೋರಿಸಿತು: ಶತ್ರುಯಂತ್ರಗಳನ್ನು ನಾಶಮಾಡು, ಅವುಗಳನ್ನು ವಶಪಡಿಸಿಕೋ, ಇಲ್ಲವೇ ಜೀವವನ್ನೂ ಯಂತ್ರವನ್ನೂ ಬೆಸೆದುಬಿಡು. ಯಾವುದನ್ನು ಆರಿಸಿದರೂ ಬಹುಮಟ್ಟಿಗೆ ಅದೇ ದೃಶ್ಯಗಳು. ಸ್ಫೋಟದ ಬೆಳಕು ಮಾತ್ರ ಕೆಂಪು, ನೀಲಿ ಅಥವಾ ಹಸಿರು. ಐದು ವರ್ಷಗಳ ಸ್ನೇಹ, ದ್ರೋಹ, ತ್ಯಾಗಗಳೆಲ್ಲ ಮೂರು ಬಣ್ಣದ ದೀಪಗಳಲ್ಲಿ ಮುಗಿದುಹೋದವು.

ಆಟಗಾರರು ಕೆರಳಿದರು. ಕೆರಳಿದವರಲ್ಲಿ ಒರಟರೂ ಇದ್ದರು, ಸಭ್ಯರೂ ಇದ್ದರು. ಸಭ್ಯರ ಪ್ರತಿಭಟನೆಯ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. ಒಂದು ಗುಂಪು ಅಸ್ವಸ್ಥ ಮಕ್ಕಳಿಗೆ ನೆರವಾಗುವ ದತ್ತಿಸಂಸ್ಥೆಗೆಂದು 80 ಸಾವಿರ ಡಾಲರಿಗೂ ಮಿಗಿಲಾಗಿ ಹಣ ಕೂಡಿಸಿ, ತನ್ನ ಅಸಮಾಧಾನವನ್ನು ಜಗತ್ತಿಗೆ ತಿಳಿಸಿತು. ಇನ್ನೊಂದು ಗುಂಪು ಬಯೋವೇರ್ ಕಚೇರಿಗೆ ಸುಮಾರು 400 ಕಪ್‌ಕೇಕುಗಳನ್ನು ಕಳುಹಿಸಿತು. ಕೆಲವು ಕೆಂಪು, ಕೆಲವು ನೀಲಿ, ಕೆಲವು ಹಸಿರು. ಆದರೆ ಯಾವುದನ್ನು ಬಾಯಿಗಿಟ್ಟರೂ ಒಂದೇ ವೆನಿಲಾ ರುಚಿ! ಬೈಗುಳಿಲ್ಲದೆ ಇಷ್ಟು ತೀಕ್ಷ್ಣವಾದ ವಿಮರ್ಶೆಯನ್ನು ನಾನು ಸಾಹಿತ್ಯಲೋಕದಲ್ಲಿಯೂ ಹೆಚ್ಚು ಕಂಡಿಲ್ಲ. ಸಂಸ್ಥೆ ಆ ತಿನಿಸನ್ನು ತರುಣರ ಆಶ್ರಯಧಾಮವೊಂದಕ್ಕೆ ಕೊಟ್ಟಿತು. ಅದೇ ವರ್ಷ ಜೂನಿನಲ್ಲಿ ಮುಕ್ತಾಯವನ್ನು ವಿಸ್ತರಿಸಿ ಉಚಿತವಾಗಿ ಹಂಚಿತು.

ನನ್ನ ತೀರ್ಪೇನು? ದೂರು ನ್ಯಾಯವಾದದ್ದು, ಆದರೆ ದೂರಿನಿಂದ ಜನ ಎತ್ತಿಕೊಂಡ ಸಿದ್ಧಾಂತ ತಪ್ಪು. ಕೊನೆಗಳು ಒಂದೇ ಬಗೆಯಾಗಿದ್ದವು ಎಂಬುದು ಅಲ್ಲಿನ ನಿಜವಾದ ಅಪರಾಧವಲ್ಲ. ಆ ಕೊನೆಗೆ ನೆನಪಿರಲಿಲ್ಲ ಎಂಬುದು ಅಪರಾಧ. ನಾನು ಯಾರನ್ನು ಉಳಿಸಿದೆ, ಯಾರಿಗೆ ಮಾತು ಕೊಟ್ಟೆ, ಯಾರ ಹೆಣವನ್ನು ಹಿಂದೆ ಬಿಟ್ಟು ಬಂದೆ ಎಂಬುದರ ಪರಿವೆಯೇ ಆ ಹತ್ತು ನಿಮಿಷಗಳಿಗೆ ಇರಲಿಲ್ಲ. ಇದಕ್ಕೆ ಸಾಕ್ಷಿ ಅದೇ ಆಟದ ಮಧ್ಯಭಾಗ. ಅಲ್ಲಿ ಕ್ವೇರಿಯನ್ ಎಂಬ ಜನಾಂಗಕ್ಕೂ ಅವರೇ ನಿರ್ಮಿಸಿದ ಗೆತ್ ಎಂಬ ಯಂತ್ರಗಳಿಗೂ ತಲೆಮಾರುಗಳ ವೈರ. ಹಿಂದಿನ ಭಾಗದಿಂದಲೇ ಎರಡೂ ಕಡೆಯವರ ವಿಶ್ವಾಸ ಗಳಿಸುತ್ತ ಬಂದವನು ಮಾತ್ರ ಅಲ್ಲಿ ಸಂಧಿ ಮಾಡಿಸಬಲ್ಲ. ಇಲ್ಲದಿದ್ದರೆ ಒಂದು ಪಕ್ಷ ಅಳಿಯುವುದನ್ನು ಕಣ್ಣಾರೆ ನೋಡಬೇಕು. ಆ ಭಾಗವನ್ನು ಆಡಿದ ಯಾರೂ ತಮ್ಮ ಆಯ್ಕೆ ಕಣ್ಕಟ್ಟು ಎಂದು ದೂರಿದ್ದನ್ನು ನಾನು ಕೇಳಿಲ್ಲ. ಕೊನೆಯ ಹತ್ತು ನಿಮಿಷ ಕೆಟ್ಟಿತೆಂದು ಹಿಂದಿನ ನೂರು ಗಂಟೆಗಳು ಸುಳ್ಳಾಗುವುದು ಹೇಗೆ?

ಅಲ್ಲಿ ನಡೆದ ಇನ್ನೊಂದು ಅನ್ಯಾಯವನ್ನು ಮೇಷ್ಟರಾಗಿ ನಾನು ಹೇಳಲೇಬೇಕು. ಮೂರನೆಯ ಭಾಗದಲ್ಲಿ ಹಿಂದಿನ ಆಯ್ಕೆಗಳನ್ನು 'ಯುದ್ಧಬಲ' ಎಂಬ ಹೆಸರಿನಲ್ಲಿ ಅಂಕಗಳನ್ನಾಗಿ ಪರಿವರ್ತಿಸಿದರು. ಮೊದಲ ಭಾಗದಲ್ಲಿ ಅಳಿವಿನಂಚಿನ ಜೀವಕುಲವೊಂದರ ರಾಣಿಯನ್ನು ಕೊಲ್ಲಬೇಕೋ ಬಿಡಬೇಕೋ ಎಂದು ಆಟಗಾರ ಕೈ ನಡುಗಿಸುತ್ತ ನಿಂತಿದ್ದ. ಮೂರನೆಯ ಭಾಗದ ಲೆಕ್ಕದ ಪುಸ್ತಕದಲ್ಲಿ ಆ ಸಂಕಟ ಒಂದು ಸಂಖ್ಯೆ. ಮೊತ್ತ ಸಾಕಷ್ಟಾದರೆ ಉತ್ತಮ ಫಲಿತಾಂಶ, ಇಲ್ಲದಿದ್ದರೆ ಕಳಪೆ. ವಿದ್ಯಾರ್ಥಿಯ ಹತ್ತು ವರ್ಷಗಳ ಶಾಲಾಜೀವನವನ್ನು ಅಂಕಪಟ್ಟಿಯ ಒಂದು ಸಾಲಿಗೆ ಇಳಿಸುವುದನ್ನು ನೋಡಿ ನೋಡಿ ರೋಸಿದ ನನಗೆ, ಈ ವಿದ್ಯೆ ಅಂತರಿಕ್ಷಕ್ಕೂ ಹಬ್ಬಿದೆಯಲ್ಲಾ ಎಂದು ಬೇಸರವಾಯಿತು.

ಇನ್ನು ನಾನೇ ಆಡಿದ ಆಟಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ಟೆಲ್‌ಟೇಲ್ ಸಂಸ್ಥೆ 2012ರಲ್ಲಿ ಐದು ಕಂತುಗಳಲ್ಲಿ ಪ್ರಕಟಿಸಿದ 'ದಿ ವಾಕಿಂಗ್ ಡೆಡ್' ಅದು. ಲೀ ಎವರೆಟ್ ಎಂಬ ಮಾಜಿ ಇತಿಹಾಸ ಅಧ್ಯಾಪಕ (ಅಂತೂ ನಮ್ಮ ವೃತ್ತಿಬಾಂಧವ) ಕೊಲೆಯ ಅಪರಾಧಿಯಾಗಿ ಸೆರೆಮನೆಗೆ ಹೋಗುತ್ತಿರುವಾಗ ಲೋಕವೇ ತಲೆಕೆಳಗಾಗಿ ಸತ್ತವರು ಎದ್ದು ನಡೆಯತೊಡಗುತ್ತಾರೆ. ತಂದೆತಾಯಿಯಿಂದ ಅಗಲಿದ ಕ್ಲೆಮೆಂಟೈನ್ ಎಂಬ ಎಂಟು ವರ್ಷದ ಹುಡುಗಿಯ ಹೊಣೆ ಅವನ ಮೇಲೆ ಬೀಳುತ್ತದೆ. ಇಲ್ಲಿ ಉತ್ತರ ಕೊಡಲು ಕೆಲವೇ ಕ್ಷಣಗಳ ಕಾಲಾವಕಾಶ. ನನ್ನ ಬೆರಳು ನಿಧಾನ. ಎಷ್ಟೋ ಸಲ ಉತ್ತರಿಸುವ ಮೊದಲೇ ಸಮಯ ಮೀರಿತು. ಆದರೆ ಆಟ ಅದನ್ನು ಮೌನವೆಂದು ಪರಿಗಣಿಸಿ ಮುಂದುವರಿಯಿತು. ಮೌನವೂ ಒಂದು ಉತ್ತರವೆಂದು ಒಪ್ಪಿದ ಪರೀಕ್ಷಕರನ್ನು ನಾನು ಕಂಡದ್ದು ಅಲ್ಲಿಯೇ ಮೊದಲು.

ಈ ಆಟದ ಮೇಲಿನ ಆಕ್ಷೇಪ ಸರ್ವವಿದಿತ. ಮೊದಲ ಕಂತಿನಲ್ಲಿ ಡಗ್ ಮತ್ತು ಕಾರ್ಲಿ ಎಂಬಿಬ್ಬರಲ್ಲಿ ಒಬ್ಬರನ್ನು ಮಾತ್ರ ನೀವು ಉಳಿಸಬಲ್ಲಿರಿ. ಹಾಗೆ ಉಳಿಸಿದವರು ಯಾರೇ ಆಗಲಿ, ಮೂರನೆಯ ಕಂತಿನಲ್ಲಿ ಗುಂಡೇಟಿಗೆ ಬಲಿಯಾಗುತ್ತಾರೆ. ನೀವು ಎಷ್ಟೇ ಜಾಣತನದಿಂದ ಆಡಿದರೂ ನಾಲ್ಕನೆಯ ಕಂತಿನ ಕೊನೆಗೆ ಲೀಗೆ ಕಚ್ಚುವಿಕೆ ತಪ್ಪದು, ಐದನೆಯದರಲ್ಲಿ ಅವನ ಅಂತ್ಯ ತಪ್ಪದು. "ನೋಡಿದಿರಾ ಸಾರ್, ಎಲ್ಲ ಮೊದಲೇ ಬರೆದಿಟ್ಟಿದ್ದು!" ಎನ್ನುತ್ತಾರೆ ನಮ್ಮ ತರುಣರು.

ಬರೆದಿಟ್ಟಿದ್ದು ನಿಜ. ಆದರೆ ಎರಡನೆಯ ಕಂತಿನ ಕೊನೆಯನ್ನು ನೆನೆಯಿರಿ. ಹಸಿದ ಗುಂಪಿಗೆ ದಾರಿಯಲ್ಲಿ ಆಹಾರ ತುಂಬಿದ ಕಾರೊಂದು ಸಿಗುತ್ತದೆ. ಯಾರದೋ ಏನೋ. ಲೀ ಅದನ್ನು ತೆಗೆದುಕೊಳ್ಳಬಹುದು, ನಿರಾಕರಿಸಲೂಬಹುದು. ಅವನು ನಿರಾಕರಿಸಿದರೂ ಗುಂಪಿನ ಉಳಿದವರು ಎತ್ತಿಕೊಂಡೇ ಹೋಗುತ್ತಾರೆ. 'ಫಲಿತಾಂಶ' ಒಂದೇ: ಕಾರು ಬರಿದಾಯಿತು. ಇಷ್ಟಕ್ಕೇ ಮುಗಿದಿದ್ದರೆ ನಾನೂ ಕಣ್ಕಟ್ಟು ಎನ್ನುತ್ತಿದ್ದೆ. ಆದರೆ ಐದನೆಯ ಕಂತಿನಲ್ಲಿ ಆ ಕಾರಿನ ಒಡೆಯ ಎದುರಾಗುತ್ತಾನೆ. ಆಹಾರ ಕಳೆದುಕೊಂಡ ಮೇಲೆ ಅವನ ಸಂಸಾರ ಹೇಗೆ ಹಾಳಾಯಿತೆಂದು ಹೇಳಿ, ಲೀ ನಡೆದು ಬಂದ ದಾರಿಯ ಒಂದೊಂದು ಹೆಜ್ಜೆಗೂ ಲೆಕ್ಕ ಕೇಳುತ್ತಾನೆ. ಕಳವಿನಲ್ಲಿ ಕೈಯಿಟ್ಟವನಿಗೂ ಇಡದವನಿಗೂ ಆ ಕುರ್ಚಿಯಲ್ಲಿ ಕುಳಿತಾಗ ಆಗುವ ಅನುಭವ ಒಂದೇ ಆಗಿರಲು ಸಾಧ್ಯವೇ? ನಾನು ಆಹಾರ ಮುಟ್ಟಿರಲಿಲ್ಲ. ಆ ಪ್ರಶ್ನೆಯನ್ನು ತಲೆಯೆತ್ತಿ ಎದುರಿಸಿದೆ. ನನ್ನ ಮೊಮ್ಮಗ ಮುಟ್ಟಿದ್ದ. ಅವನು ಆ ದೃಶ್ಯದಲ್ಲಿ ಬಹಳ ಹೊತ್ತು ಸುಮ್ಮನಿದ್ದನಂತೆ.

ಡಗ್ ಮತ್ತು ಕಾರ್ಲಿಯರ ವಿಷಯವೂ ಹೀಗೆಯೇ. ಇಬ್ಬರೂ ಸಾಯುತ್ತಾರೆಂಬುದು ನಿಜವಾದರೂ, ಲೀಯ ಹಳೆಯ ಅಪರಾಧವನ್ನು ಬಲ್ಲ ಪತ್ರಕರ್ತೆ ಕಾರ್ಲಿ. ಅದನ್ನು ಉಳಿದವರಿಗೆ ನೀನೇ ಹೇಳಿಬಿಡು ಎಂದು ಒತ್ತಾಯಿಸುವವಳು ಅವಳು. ಅವಳಿಲ್ಲದ ಕತೆಯಲ್ಲಿ ಆ ಒತ್ತಾಯವೇ ಇಲ್ಲ. ಇನ್ನು ಕ್ಲೆಮೆಂಟೈನ್. ನೀವು ಆಡಿದ ಒಂದು ಮಾತಿನ ನಂತರ, ಇದನ್ನು ಅವಳು ನೆನಪಿಟ್ಟುಕೊಳ್ಳುವಳೆಂಬ ಪುಟ್ಟ ಸೂಚನೆ ಪರದೆಯ ಮೂಲೆಯಲ್ಲಿ ಮೂಡುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ತರಗತಿಯಲ್ಲಿ ವಿಸ್ತರಿಸಿ ಬರೆಯಲು ಎಷ್ಟು ಸಲ ಕೊಟ್ಟಿಲ್ಲ ನಾನು! ಅದರ ಅರ್ಥವನ್ನು ಮಕ್ಕಳ ಮೈಗೆ ತಾಗಿಸಲು ಆ ಒಂದು ಸಾಲಿಗೆ ಸಾಧ್ಯವಾಗಿದೆ.

ನಮ್ಮ ನಾಡಿನವರಿಗೆ ಇದು ಅರ್ಥವಾಗದಿರುವುದೇ ನನಗೆ ಆಶ್ಚರ್ಯ. ಕರಾವಳಿ ಮಲೆನಾಡುಗಳ ತಾಳಮದ್ದಳೆಯನ್ನು ಕೇಳಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಕೃಷ್ಣಸಂಧಾನ ಮುರಿದುಬೀಳುತ್ತದೆ, ವಾಲಿ ಬಾಣಕ್ಕೆ ಉರುಳುತ್ತಾನೆ, ಕರ್ಣನ ರಥದ ಗಾಲಿ ಹೂಳುತ್ತದೆ. ಇದು ಸಭೆಗೂ ಗೊತ್ತು, ಭಾಗವತರಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥ ಹೇಳಲು ಕುಳಿತರೆ ಜನ ರಾತ್ರಿಯಿಡೀ ಕದಲುತ್ತಿರಲಿಲ್ಲ. ಪದ್ಯ ನಿಯತ, ಅಂತ್ಯ ನಿಯತ. ನಡುವಿನ ಮಾತು ಅರ್ಥಧಾರಿಯ ಸ್ವಂತದ್ದು. ಒಬ್ಬರ ವಾಲಿ ನ್ಯಾಯ ಕೇಳುತ್ತ ಸಾಯುತ್ತಾನೆ, ಇನ್ನೊಬ್ಬರ ವಾಲಿ ಶರಣಾಗಿ ಸಾಯುತ್ತಾನೆ. ಇಬ್ಬರೂ ಸತ್ತರಾದ್ದರಿಂದ ಇಬ್ಬರೂ ಒಂದೇ ಎಂದು ಹೇಳುವ ಧೈರ್ಯ ಯಾರಿಗಿದೆ?

"ಆದರೆ ತಾಳಮದ್ದಳೆಯ ಪ್ರೇಕ್ಷಕನಿಗೆ ಯಾರೂ ಆಯ್ಕೆಯ ಭರವಸೆ ಕೊಟ್ಟಿರಲಿಲ್ಲವಲ್ಲ" ಎಂದು ಜಾಣರು ಆಕ್ಷೇಪಿಸಿಯಾರು. ಒಪ್ಪಿದೆ. ಆದರೆ ಆಟಗಾರನನ್ನು ಪ್ರೇಕ್ಷಕನಿಗೆ ಹೋಲಿಸುವುದು ಸಲ್ಲದು. ಅವನು ಅರ್ಥಧಾರಿಯ ಜಾಗದಲ್ಲಿ ಕುಳಿತವನು. ಪ್ರಸಂಗವನ್ನು ಬೇರೆಯವರು ಬರೆದಿದ್ದಾರೆ. ಪಾತ್ರಕ್ಕೆ ಪ್ರಾಣ ತುಂಬುವ ಕೆಲಸ ಅವನದು. ಸಂಧಾನ ಮುರಿಯುವುದು ಖಚಿತವಾಗಿರುವಾಗ ನಾನೇಕೆ ಚೆನ್ನಾಗಿ ಮಾತಾಡಲಿ ಎಂದು ಕೈಕಟ್ಟಿ ಕುಳಿತ ಅರ್ಥಧಾರಿಯನ್ನು ಮುಂದಿನ ಕೂಟಕ್ಕೆ ಯಾರೂ ಕರೆಯುವುದಿಲ್ಲ.

ಕವಲೊಡೆದ ದಾರಿಗಳೆಲ್ಲ ಬೇರೆ ಬೇರೆ ಕೊನೆಗಳನ್ನೇ ಮುಟ್ಟಬೇಕೆಂದು ಹಟ ಹಿಡಿಯುವವರು ಸ್ವಲ್ಪ ಗಣಿತವನ್ನೂ ನೋಡಬೇಕು. ಎರಡೆರಡು ಆಯ್ಕೆಗಳುಳ್ಳ ಹತ್ತು ತಿರುವುಗಳಿದ್ದರೆ 1,024 ಕತೆಗಳಾದವು. ಇಪ್ಪತ್ತು ತಿರುವುಗಳಾದರೆ 10,48,576. ಇಷ್ಟನ್ನು ಬರೆಯುವವರಾರು, ಚಿತ್ರಿಸುವವರಾರು, ಧ್ವನಿ ಕೊಡುವವರಾರು? ಆದ್ದರಿಂದ ಕತೆಗಾರರು ಕವಲುಗಳನ್ನು ಮುಂದೆ ಎಲ್ಲಿಯೋ ಒಂದೆಡೆ ಕೂಡಿಸಲೇಬೇಕು. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು, ಒಂದು ಕಡೆ ಗಗನಚುಕ್ಕಿಯಾಗಿ ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕಿ, ಮುಂದೆ ಮತ್ತೆ ಒಂದಾಗುತ್ತಾಳೆ. ಕೆಳಗೆ ಹರಿಯುವುದು ಒಂದೇ ನದಿ ಎಂಬ ಕಾರಣಕ್ಕೆ ಗಗನಚುಕ್ಕಿ ಸುಳ್ಳಾಯಿತೇ?

ಸಂಖ್ಯೆಯ ವ್ಯಾಮೋಹ ಇನ್ನೂ ತೀರಿಲ್ಲ. 2023ರಲ್ಲಿ ಬೆಲ್ಜಿಯಂ ದೇಶದ ಲ್ಯಾರಿಯನ್ ಸಂಸ್ಥೆಯ 'ಬಾಲ್ಡರ್ಸ್ ಗೇಟ್ 3' ಹೊರಬರುವ ಮುನ್ನ ಅದರ ಮುಕ್ತಾಯಕ್ಕೆ 17,000 ರೂಪಭೇದಗಳಿವೆ ಎಂಬ ಮಾತು ದೊಡ್ಡ ಸುದ್ದಿಯಾಯಿತು. ಆಟ ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ, ನಾನು ಅಲ್ಲಗಳೆಯಲಾರೆ. ಆದರೆ ಅದು ಒಳ್ಳೆಯದಾಗಿದ್ದರೆ ಆ ಸಂಖ್ಯೆಯಿಂದಲ್ಲ. ಹದಿನೇಳು ಸಾವಿರದಲ್ಲಿ ಒಬ್ಬ ಮನುಷ್ಯ ಎಷ್ಟನ್ನು ನೋಡಿಯಾನು?

ಹಾಗಾದರೆ ನಿರ್ಮಾಪಕರಿಗೆ ಯಾವ ಹೊಣೆಯೂ ಇಲ್ಲವೇ? ಇದೆ. ಬಿ.ಎಡ್. ತರಬೇತಿಯಲ್ಲಿ ನಮಗೆ ಬಹು ಆಯ್ಕೆಯ ಪ್ರಶ್ನೆಗಳನ್ನು ರಚಿಸುವ ಕ್ರಮವನ್ನು ಕಲಿಸಿದ್ದರು. ಕೊಟ್ಟ ಪರ್ಯಾಯಗಳೆಲ್ಲ ವಿಚಾರಯೋಗ್ಯವಾಗಿರಬೇಕು. ಪ್ರಶ್ನೆ ಏನನ್ನು ಅಳೆಯುತ್ತದೆಂದು ಹೇಳಿದೆಯೋ ಅದನ್ನೇ ಅಳೆಯಬೇಕು. ಉತ್ತರ ಬರೆದ ಮೇಲೆ ಅದನ್ನು ಓದಲೇಬೇಕು. ಈ ಮೂರು ನಿಯಮಗಳು ಇಲ್ಲಿಗೂ ಸಾಕು. ಮಾಸ್ ಎಫೆಕ್ಟಿನ ಕೊನೆ ಮೂರನೆಯ ನಿಯಮವನ್ನು ಮುರಿಯಿತು: ಉತ್ತರಪತ್ರಿಕೆಯನ್ನು ತೆರೆಯದೆ ಅಂಕ ಹಾಕಿತು.

ಮೊದಲ ನಿಯಮವನ್ನು ಮುರಿದ ಉದಾಹರಣೆಯೂ ಇದೆ. ಬರ್ಲಿನ್ನಿನ ಯಾಗರ್ ಸಂಸ್ಥೆಯ 'ಸ್ಪೆಕ್ ಆಪ್ಸ್: ದಿ ಲೈನ್', 2012ರದು. ಮರಳಿನಲ್ಲಿ ಹೂತ ದುಬೈ ನಗರದಲ್ಲಿ ನಾಯಕ ರಂಜಕದ ಬಾಂಬು ಸುರಿಸುತ್ತಾನೆ. ಆಮೇಲೆ ನೋಡಿದರೆ ಸುಟ್ಟುಹೋದವರಲ್ಲಿ ನಿರಾಶ್ರಿತ ನಾಗರಿಕರಿದ್ದಾರೆ. ಬಾಂಬು ಸುರಿಸದೆ ಆಟ ಮುಂದೆ ಸಾಗುವುದೇ ಇಲ್ಲ. ಆದರೂ ಅದು ಆಟಗಾರನತ್ತ ಬೆರಳು ತೋರಿಸುತ್ತದೆ. ಯುದ್ಧವನ್ನು ಮೋಜಾಗಿ ಮಾರುವ ಇತರ ಆಟಗಳನ್ನು ಅದು ಟೀಕಿಸುವ ರೀತಿಗೆ ನನ್ನ ಗೌರವವಿದೆ. ಆದರೆ "ಬೇಡವಾಗಿದ್ದರೆ ಆಟವನ್ನೇ ನಿಲ್ಲಿಸಬಹುದಿತ್ತಲ್ಲ" ಎಂಬ ಅದರ ಸಮರ್ಥಕರ ವಾದವನ್ನು ನಾನು ಒಪ್ಪಲಾರೆ. ಪ್ರಶ್ನೆಯೇ ತಪ್ಪಾಗಿತ್ತೆಂದು ದೂರುವ ಹುಡುಗನಿಗೆ, ನೀನು ಪರೀಕ್ಷಾ ಕೊಠಡಿಯಿಂದ ಎದ್ದುಹೋಗಬಹುದಿತ್ತು ಎಂದು ಹೇಳಿದಂತಾಯಿತು ಅದು.

ಇನ್ನು ಮೂರು ನಿಯಮಗಳನ್ನೂ ಪಾಲಿಸಿದ್ದಕ್ಕೆ ಒಂದು ಮಾದರಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ 'ದಿ ವಿಚರ್ 3', 2015ರದು. ಗೆರಾಲ್ಟ್ ಎಂಬ ರಾಕ್ಷಸಬೇಟೆಗಾರನ ಸಾಕುಮಗಳು ಸಿರಿ. ಹೆಸರು ನಮ್ಮದೇ ಎನ್ನಿಸಿದರೂ ಅವಳು ಆಂದ್ರೇ ಸಪ್ಕೋವ್‌ಸ್ಕಿಯವರ ಕತೆಗಳಲ್ಲಿ ಹುಟ್ಟಿದವಳು. ಕೊನೆಯಲ್ಲಿ ಅವಳು ಬದುಕುವಳೋ ಇಲ್ಲವೋ ಎಂಬುದು ಯಾವ ಮಹಾಯುದ್ಧದಿಂದಲೂ ನಿರ್ಧಾರವಾಗುವುದಿಲ್ಲ. ಮಗಳು ಸೋತು ಕುಗ್ಗಿ ಕುಳಿತಾಗ ಎಲ್ಲದರಲ್ಲೂ ಗೆಲ್ಲಬೇಕಿಲ್ಲ ಎಂದು ಹೇಳಿ ಮದ್ಯದ ಬಟ್ಟಲು ಕೊಟ್ಟನೋ, ಎದ್ದು ಬಾ ಎಂದು ಹಿಮದುಂಡೆ ಎಸೆದು ಆಡಿದನೋ? ದೊಡ್ಡವರ ಸಭೆಗೆ ಅವಳೊಬ್ಬಳೇ ಹೋಗಲು ಬಿಟ್ಟನೋ, ತಾನೂ ಹಿಂದೆ ಹೋದನೋ? ತನಗೆ ನೆರವಾಗಿದ್ದ ಹುಡುಗನ ಸಮಾಧಿಗೆ ಹೋಗಬೇಕೆಂದು ಅವಳು ಬೇಡಿದಾಗ ಜೊತೆಗೆ ನಡೆದನೋ, ಸಮಯವಿಲ್ಲವೆಂದನೋ? ಇಂಥ ಕೆಲವೇ ಸಣ್ಣ ಸಂಗತಿಗಳು ಕೂಡಿ, ಕೊನೆಯ ಗಳಿಗೆಯಲ್ಲಿ ಆಕೆ ಒಂಟಿಯಾಗಿ ನಿಂತಾಗ ಅವಳ ಬೆನ್ನಿಗೆ ಧೈರ್ಯವಾಗುತ್ತವೆ, ಇಲ್ಲವೇ ಆಗುವುದಿಲ್ಲ. ಇವು 'ಆಯ್ಕೆ'ಗಳೆಂದು ಆಟ ಎಲ್ಲೂ ಡಂಗುರ ಹೊಡೆಯುವುದಿಲ್ಲ. ಮಕ್ಕಳನ್ನು ಬೆಳೆಸಿದವರಿಗೆ, ಮಕ್ಕಳಿಗೆ ಪಾಠ ಹೇಳಿದವರಿಗೆ ಇದರ ಸತ್ಯ ತಟ್ಟನೆ ತಿಳಿಯುತ್ತದೆ. ನಾವು ಮರೆತುಬಿಟ್ಟ ಒಂದು ಮಾತನ್ನು ನೆನೆದು ಇಪ್ಪತ್ತು ವರ್ಷಗಳ ಮೇಲೆ ಕೃತಜ್ಞತೆ ಹೇಳಲು ಬರುವ ವಿದ್ಯಾರ್ಥಿಯನ್ನು ಕಂಡಿಲ್ಲದ ಮೇಷ್ಟರುಂಟೇ?

ಈಗ ನನ್ನ ದೂರು ಆಟಗಾರರ ಕಡೆಗೆ ತಿರುಗುತ್ತದೆ. ಆಯ್ಕೆಗೆ ಬೆಲೆಯಿಲ್ಲ ಎಂದು ಗೋಳಾಡುವ ಇವರೇ ಇಂಥ ಆಟವನ್ನು ಹೇಗೆ ಆಡುತ್ತಾರೆ ನೋಡಿ. ಪಕ್ಕದಲ್ಲಿ ಮೊಬೈಲು ತೆರೆದಿಟ್ಟು, ಯಾವ ಉತ್ತರ ಕೊಟ್ಟರೆ ಸಿರಿ ಉಳಿಯುತ್ತಾಳೆಂದು ಮುಂಚೆಯೇ ಓದಿಕೊಂಡು, ಅದನ್ನೇ ಒತ್ತುತ್ತಾರೆ. ಪರೀಕ್ಷೆಗೆ ತಿಂಗಳಿರುವಾಗ ಪಠ್ಯಪುಸ್ತಕವನ್ನು ಮೂಲೆಗೆಸೆದು ಪೇಟೆಯ ಗೈಡು ಉರುಹೊಡೆಯುತ್ತಿದ್ದ ನಿಮ್ಮಲ್ಲಿ ಕೆಲವರ ಮುಖ ನನಗೆ ಇನ್ನೂ ನೆನಪಿದೆ! ಗೈಡು ನೋಡಿ ಮಗಳನ್ನು ಪ್ರೀತಿಸಿದವನಿಗೆ 'ಉತ್ತಮ ಮುಕ್ತಾಯ' ದೊರಕೀತು. ಆದರೆ ಅವನು ಆರಿಸಿದ್ದೇನು? ಇನ್ನೊಬ್ಬರು ಆರಿಸಿದ್ದನ್ನು ನಕಲು ಮಾಡಿದ, ಅಷ್ಟೆ. ಆಯ್ಕೆಯನ್ನು ಹೀಗೆ ತಾವೇ ಕೊಂದು, ಅದು ಸತ್ತಿದೆಯೆಂದು ನಿರ್ಮಾಪಕರ ಮೇಲೆ ಮೊಕದ್ದಮೆ ಹೂಡುವುದು ಯಾವ ನ್ಯಾಯ?

ಟೋಬಿ ಫಾಕ್ಸ್ ಎಂಬ ತರುಣ ಬಹುಮಟ್ಟಿಗೆ ಒಬ್ಬನೇ ರಚಿಸಿದ 'ಅಂಡರ್‌ಟೇಲ್' (2015) ಈ ನಕಲಿನ ಬುದ್ಧಿಗೆ ಚೆನ್ನಾಗಿ ಬಿಸಿ ಮುಟ್ಟಿಸಿದೆ. ಅಲ್ಲಿ ಯಾರನ್ನೂ ಕೊಲ್ಲದೆ ಕತೆ ಮುಗಿಸಬಹುದು. ಎಲ್ಲರನ್ನೂ ಕೊಂದೂ ಮುಗಿಸಬಹುದು. ಅದೇನಿದೆಯೆಂದು ನೋಡುವ ಚಪಲಕ್ಕೆ ಎಲ್ಲರನ್ನೂ ಕೊಂದು ಕೊನೆ ಮುಟ್ಟಿದವನು, ಮತ್ತೆ ಮೊದಲಿನಿಂದ ಆರಂಭಿಸಿ ಎಷ್ಟೇ ಸಾಧುವಾಗಿ ಆಡಿದರೂ, ಆ ಸುಖಾಂತ್ಯದ ಮೇಲೆ ಹಳೆಯ ರಕ್ತದ ಕಲೆ ಉಳಿದೇ ಇರುತ್ತದೆ. ಆಟ ಮರೆಯುವುದಿಲ್ಲ.

ಇಷ್ಟೆಲ್ಲ ಒಂದು ಆಟಕ್ಕಾಗಿ ಬೇಕಿತ್ತೇ ಎಂದು ಕೇಳುವಿರಿ. ಆಟಕ್ಕಾಗಿಯಷ್ಟೇ ಆಗಿದ್ದರೆ ಬೇಕಿರಲಿಲ್ಲ. ಕೊನೆ ಬದಲಾಗದಿದ್ದರೆ ಮಾಡಿದ್ದೆಲ್ಲ ವ್ಯರ್ಥ ಎಂಬ ಬುದ್ಧಿಯನ್ನು ನಾನು ತರಗತಿಯಲ್ಲಿಯೂ ಕಂಡಿದ್ದೇನೆ, ಮನೆಗಳಲ್ಲಿಯೂ ಕಂಡಿದ್ದೇನೆ. ನನ್ನೊಬ್ಬನ ಮತದಿಂದ ಏನಾಗುತ್ತದೆ? ನಾನೊಬ್ಬ ಲಂಚ ಕೊಡದಿದ್ದರೆ ಕಚೇರಿ ಶುದ್ಧವಾಗುತ್ತದೆಯೇ? ಹೇಗೂ ಪರೀಕ್ಷೆಗೆ ಬಾರದ ಪಾಠವನ್ನು ನಾನೇಕೆ ಓದಲಿ? ಈ ಎಲ್ಲ ಪ್ರಶ್ನೆಗಳ ಬೇರು ಒಂದೇ. ಕಾರಿನ ಆಹಾರವನ್ನು ಉಳಿದವರು ಹೇಗೂ ಒಯ್ಯುತ್ತಾರೆ, ನಾನು ಬಿಟ್ಟರೆ ಪ್ರಯೋಜನವೇನು ಎನ್ನುವವನ ಪ್ರಶ್ನೆಯೂ ಅದೇ.

ನಮ್ಮ ಅಣ್ಣನ ಕೊನೆಯ ದಿನಗಳು ಬಂಧುಗಳಾದ ನಿಮಗೆ ಗೊತ್ತೇ ಇವೆ. ವೈದ್ಯರು ಕೊನೆಯನ್ನು ಹೇಳಿಬಿಟ್ಟಿದ್ದರು, ಅದು ಬದಲಾಗುವಂಥದ್ದಾಗಿರಲಿಲ್ಲ. ಆದರೂ ಅವನಿಗೆ ಕಾಯಿಲೆಯ ನಿಜ ಹೇಳಬೇಕೋ ಬೇಡವೋ, ಆಸ್ಪತ್ರೆಯಲ್ಲಿಡಬೇಕೋ ಮನೆಗೆ ಕರೆತರಬೇಕೋ, ವರ್ಷಗಟ್ಟಲೆ ಮಾತು ಬಿಟ್ಟಿದ್ದ ತಮ್ಮನನ್ನು ಕರೆಸಬೇಕೋ ಎಂದು ನಾವು ರಾತ್ರಿಗಳನ್ನು ಕಳೆದೆವು. ನಿಜ ಹೇಳಿದೆವು, ಮನೆಗೆ ಕರೆತಂದೆವು, ತಮ್ಮನೂ ಬಂದ. ಮೂರು ವಾರಗಳ ನಂತರ ವೈದ್ಯರು ಹೇಳಿದ್ದೇ ಆಯಿತು. ಆ ಮೂರು ವಾರಗಳ ನಮ್ಮ ನಿರ್ಧಾರಗಳು ಕಣ್ಕಟ್ಟೆಂದು ಯಾವ ತರ್ಕಪಂಡಿತನಾದರೂ ನನ್ನ ಅತ್ತಿಗೆಯ ಎದುರು ಬಂದು ಹೇಳಲಿ.

ಕಚ್ಚಿಸಿಕೊಂಡ ಲೀಗೂ ಉಳಿದದ್ದು ಅಷ್ಟೇ ಕಾಲ. ಆ ಹುಡುಗಿಗೆ ಕೊನೆಯದಾಗಿ ಏನು ಹೇಳುವುದು, ತನ್ನನ್ನು ಕೊಂದು ಹೋಗೆನ್ನುವುದೋ ಹಾಗೆಯೇ ಬಿಟ್ಟು ಹೋಗೆನ್ನುವುದೋ, ಎಂಬುದನ್ನು ಮಾತ್ರ ಅವನು ನಿರ್ಧರಿಸಬಲ್ಲ. ಅಷ್ಟನ್ನು ನಿರ್ಧರಿಸಲು ನನಗೆ ಆ ಸಂಜೆ ಬಹಳ ಕಷ್ಟವಾಯಿತು. ಬೆಲೆಯಿಲ್ಲದ ಆಯ್ಕೆ ಅಷ್ಟು ಕಷ್ಟವಾಗುವುದಿಲ್ಲ.

ನಿಮ್ಮಲ್ಲಿ ಹಲವರು ಈಗ ತಂದೆತಾಯಿಯರು. ಮಗ ಆಟ ಮುಗಿಸಿ ಎದ್ದಾಗ ಎಷ್ಟು ಕೊನೆಗಳು ಸಿಕ್ಕಿದವು ಎಂದು ಕೇಳಬೇಡಿ. ಯಾರನ್ನು ಉಳಿಸಿದೆ, ಏಕೆ ಉಳಿಸಿದೆ ಎಂದು ಕೇಳಿ. ಅವನು ಹೇಳುವ ಉತ್ತರವನ್ನು ಕೊನೆಯವರೆಗೆ ಕೇಳಿಸಿಕೊಳ್ಳಿ. ಇಂಥ ಆಟಗಳನ್ನು ಕಟ್ಟುವ ಉದ್ಯಮದಲ್ಲಿರುವ ಒಂದಿಬ್ಬರು ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಬೇರೆ: ಕೊಡಲಾಗದ ಮುಕ್ತಾಯಗಳನ್ನು ಜಾಹೀರಾತಿನಲ್ಲಿ ಮಾರಬೇಡಿ, ಕೊಟ್ಟ ಒಂದೇ ಮುಕ್ತಾಯವಾದರೂ ಆಟಗಾರ ನಡೆದು ಬಂದ ದಾರಿಯನ್ನು ನೆನಪಿಡುವಂತೆ ಬರೆಯಿರಿ.

ಭಿನ್ನಾಭಿಪ್ರಾಯವುಳ್ಳವರು ಖಂಡಿತ ಬರೆಯಿರಿ. ವ್ಯಾಕರಣದೋಷಗಳನ್ನು ತಿದ್ದುವ ಹಳೆಯ ಚಟ ನನಗಿನ್ನೂ ಹೋಗಿಲ್ಲ, ಅದೊಂದನ್ನು ಸಹಿಸಿಕೊಳ್ಳಿ.